ಬಿಲ್ ಬಾಕಿ ತಾಳೆಯಾಗಲು ಹೀಗೆ ಮಾಡಿ

ಬೈಕಂಪಾಡಿ, ಶಿವಳ್ಳಿ ಕಡೆ ಫ್ಯಾಬ್ರಿಕೇಶನ್, ಜಾಬ್‌ವರ್ಕ್ ಮಾಡುವವರು ಇದನ್ನು ದಯವಿಟ್ಟು ಗಮನಿಸಿ.

ಗಿರಾಕಿಯಿಂದ ದುಡ್ಡು ಬಂದಾಗ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ‘ಆನ್ ಅಕೌಂಟ್’ (ಯಾವ ಬಿಲ್‌ಗೂ ಸೇರಿಸದೆ) ಎಂದು ಹಾಕಿಬಿಡಬೇಡಿ. ಒಟ್ಟು ಬಾಕಿ ಸರಿಯಾಗಿಯೇ ಕಾಣುತ್ತದೆ, ಆದರೆ ಯಾವ ಬಿಲ್ ಎಷ್ಟು ದಿನದಿಂದ ನಿಂತಿದೆ ಎಂಬುದು ಸಿಗುವುದಿಲ್ಲ. ಗಿರಾಕಿಯ ಲೆಡ್ಜರ್‌ನಲ್ಲಿ ಬಿಲ್-ವೈಸ್ ಆಯ್ಕೆ ಆನ್ ಮಾಡಿ, ‘ಎಗೇನ್‌ಸ್ಟ್ ರೆಫರೆನ್ಸ್’ ಕೊಟ್ಟು ಬಿಲ್ ನಂಬರಿಗೇ ಹೊಂದಿಸಿ.

ಹೆಚ್ಚಿನವರ ಲೆಕ್ಕ ಕೆಡುವುದು ಟಿಡಿಎಸ್‌ನಲ್ಲಿ, ಅಂದರೆ ಗಿರಾಕಿ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆಯಲ್ಲಿ. ಬಿಲ್ 1,00,000, ಜಿಎಸ್‌ಟಿ 18,000, ಒಟ್ಟು 1,18,000 ಎಂದಿಟ್ಟುಕೊಳ್ಳಿ. ಕಂಪನಿ 2% ಹಿಡಿದರೆ ಅದು ಜಿಎಸ್‌ಟಿ ಬಿಟ್ಟು 1,00,000ದ ಮೇಲೆ ಮಾತ್ರ. ಬ್ಯಾಂಕಿಗೆ ಬರುವುದು 1,16,000. ಉಳಿದ 2,000ವನ್ನು ‘ಟಿಡಿಎಸ್ ರಿಸೀವಬಲ್’ಗೆ ಡೆಬಿಟ್ ಮಾಡಿ, ಅದೇ ಬಿಲ್‌ಗೆ ಹೊಂದಿಸಿ. ಇಲ್ಲದಿದ್ದರೆ ಪ್ರತಿ ಬಿಲ್‌ಗೂ ಚೂರು ಬಾಕಿ ಉಳಿದು, ಕೊಟ್ಟಾಗಿರುವ ಗಿರಾಕಿಗೇ ಮತ್ತೆ ಫೋನ್ ಹೋಗುತ್ತದೆ. ಅದು ಬಹಳ ಮುಜುಗರ. ಹಿಡಿದ ಮೊತ್ತ ಆದಾಯ ತೆರಿಗೆ ಇಲಾಖೆಯ ನಿಮ್ಮ ತೆರಿಗೆ ಪಟ್ಟಿಯಲ್ಲಿ (26ಎಎಸ್) ಬಂದಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿ.

ಬಿಲ್ ನಂಬರ್ 16 ಅಕ್ಷರ ಮೀರಬಾರದು, ಒಂದೇ ಆರ್ಥಿಕ ವರ್ಷದಲ್ಲಿ ಮರುಕಳಿಸಬಾರದು.

ದುಡ್ಡು ಬರದಿದ್ದರೂ ಬಿಲ್ ಮಾಡಿದ ತಿಂಗಳ ಜಿಎಸ್‌ಟಿ ಕಟ್ಟಲೇಬೇಕು; ಮಾಸಿಕ ರಿಟರ್ನ್ ಇರುವವರಿಗೆ ಮುಂದಿನ ತಿಂಗಳ 20ರೊಳಗೆ. ಹಾಗಾಗಿ ಹಳೆ ಬಾಕಿ ಕೇಳಲು ಸಂಕೋಚ ಬೇಡ. ಗಿರಾಕಿ 180 ದಿನದೊಳಗೆ ಕೊಡದಿದ್ದರೆ ಆ ಬಿಲ್‌ನ ಇನ್‌ಪುಟ್ ಕ್ರೆಡಿಟ್ (ಬಿಲ್‌ನ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದು) ಅವರೇ ವಾಪಸ್ ಮಾಡಬೇಕಾಗುತ್ತದೆ, ಇದನ್ನು ಅವರ ಅಕೌಂಟ್ಸ್ ವಿಭಾಗಕ್ಕೆ ಮರ್ಯಾದೆಯಿಂದ ನೆನಪಿಸಿ. ನೀವು ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ನೋಂದಣಿ ಸಂಖ್ಯೆಯನ್ನು ಬಿಲ್ ಮೇಲೆಯೇ ಮುದ್ರಿಸಿ.