ಜೋಡಿ ಗೂಡಿನ ಇಲಿ

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವವರಿಗೆ ಇಲಿಯ ಕಾಟ ಹೊಸದಲ್ಲ. ಅದು ಹುಳುವನ್ನೂ ತಿನ್ನುತ್ತದೆ, ಹುಳು ತನ್ನ ಸುತ್ತ ನೂಲಿನಿಂದ ಕಟ್ಟಿಕೊಂಡ ಗೂಡನ್ನು ಕಡಿದು ಒಳಗಿನ ಕೋಶವನ್ನೂ, ಎಂದರೆ ಚಿಟ್ಟೆಯಾಗಲು ರೂಪ ಬದಲಿಸುತ್ತಿರುವ ಹುಳುವನ್ನೂ, ತಿನ್ನುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಬೆಕ್ಕು ಇಲ್ಲದ ಕಾಲವೇ ಇಲ್ಲ. ಈಗ ಮೂರಿವೆ: ಗೌರಿ, ಅವಳ ಮಗಳು ಪುಟ್ಟಿ, ಎಲ್ಲಿಂದಲೋ ಬಂದು ಸೇರಿಕೊಂಡ ಕರಿಯ. ಇಲಿ ಹಿಡಿಯುವುದರಲ್ಲಿ ಗೌರಿಗೆ ಸಾಟಿಯಿಲ್ಲ. ಆದರೆ ಪುಟ್ಟಿ ಆರು ತಿಂಗಳ ಮರಿಯಾಗಿದ್ದಾಗ ಇಲಿಗಿಂತ ಹೆಚ್ಚು ನಷ್ಟ ಮಾಡಿದಳು. ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ನಾವು ಚಂದ್ರಿಕೆಗೆ, ಅವು ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಮೇಲೆ, ಅವು ಗೂಡು ಕಟ್ಟಿ ಮುಗಿಸುತ್ತಿದ್ದಂತೆ ರಾತ್ರಿ ನುಸುಳಿ ಬಂದು ಒಂದೊಂದೇ ಗೂಡನ್ನು ಕಿತ್ತು ನೆಲದ ಮೇಲೆ ಉರುಳಿಸಿ ಆಡುತ್ತಿದ್ದಳು. ಬೆಳಗ್ಗೆ ಕಸ ಗುಡಿಸಿದರೆ ಮೊರದ ತುಂಬ ಗೂಡು. ಹಲ್ಲಿನ ಗುರುತು ಬಿದ್ದ ಗೂಡನ್ನು ಮಾರುಕಟ್ಟೆಯಲ್ಲಿ ಯಾರು ಕೊಳ್ಳುತ್ತಾರೆ? ಬೆಕ್ಕಿಗೆ ಚೆಲ್ಲಾಟ, ನಮಗೆ ಪ್ರಾಣಸಂಕಟ.

ಗದರಿಸಿದೆ, ಬಾಗಿಲಿಗೆ ಬಲೆ ಹೊಡೆಸಿದೆ. ಒಂದು ಸಂಜೆ ಸುಮ್ಮನೆ ಕುಳಿತು ಅವಳು ಆಡುವುದನ್ನು ನೋಡಿದೆ. ಗೂಡು ಅವಳಿಗೆ ಏಕೆ ಇಷ್ಟವೆಂದು ಆಗ ತಿಳಿಯಿತು. ಒಂದೇ ಪೆಟ್ಟಿಗೆ ಹಾರುವಷ್ಟು ಹಗುರ. ಚೆಂಡಿನಂತೆ ನೇರವಾಗಿ ಓಡದೆ ಮೊಟ್ಟೆಯಂತೆ ಅತ್ತಿತ್ತ ತಿರುಗುತ್ತದೆ. ಬಾಯಲ್ಲಿ ಕಚ್ಚಿದರೆ ಇಲಿಮರಿಯಷ್ಟೇ ಗಾತ್ರ. ತನಗೆ ಬೇಕಾದ ಆಟಿಕೆಯನ್ನು ಅವಳೇ ಆರಿಸಿಕೊಂಡಿದ್ದಳು. ನಾನು ಮಾಡಬೇಕಾಗಿದ್ದದ್ದು ಚಂದ್ರಿಕೆಯ ಗೂಡಿಗೆ ಬದಲಾಗಿ ಅಂಥದ್ದೇ ಇನ್ನೊಂದನ್ನು ಕೊಡುವುದು.

ಮೊದಲ ಬಾರಿ ಮಾಡಿದ್ದು ದೊಡ್ಡ ತಪ್ಪು. ಹುಳುಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗೆ ರೇಷ್ಮೆ ನೂಲು ಕಟ್ಟಿ, ನೂಲಿನ ತುದಿಗೆ ಖಾಲಿ ಗೂಡು ತೂಗಿಬಿಟ್ಟೆ. ನಮ್ಮ ಊರಿನಲ್ಲಿ ನೂಲಿಗೆ ಬರವೇ? ಪುಟ್ಟಿ ಹುಚ್ಚು ಹಿಡಿದವಳಂತೆ ಆಡಿದಳು. ರಾತ್ರಿ ಕಡ್ಡಿಯನ್ನು ಮೂಲೆಗೆ ಒರಗಿಸಿ ಮಲಗಿದೆ. ಬೆಳಗ್ಗೆ ಗೂಡು ನೆಲದ ಮೇಲಿತ್ತು, ನೂಲು ಇರಲಿಲ್ಲ.

ಎರಡನೆಯ ದಿನ ಅವಳು ಅನ್ನ ಮುಟ್ಟಲಿಲ್ಲ. ನೀರು ಕುಡಿದರೂ ಕಕ್ಕಿದಳು. ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡಕ್ಕೆ ಸುತ್ತಿಕೊಂಡ ಬಿಳಿ ಎಳೆ ಕಂಡಿತು. ಎಳೆದು ತೆಗೆಯಲು ಕೈ ಹಾಕಿದೆ. ಏನನ್ನಿಸಿತೋ, ನಿಲ್ಲಿಸಿ ಪಶುವೈದ್ಯರಿಗೆ ಮೊಬೈಲ್‌ನಲ್ಲಿ ಕೇಳಿದೆ. "ಮುಟ್ಟಬೇಡಿ, ಹಾಗೆಯೇ ಕರೆತನ್ನಿ" ಎಂದರು. ಆ ಒಂದು ಮಾತು ಅವಳ ಜೀವ ಉಳಿಸಿತು. ಬೆಕ್ಕಿನ ನಾಲಿಗೆಯ ಮೇಲಿನ ಸಣ್ಣ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿರುತ್ತವೆ. ಎಳೆ ಸಿಕ್ಕಿಕೊಂಡರೆ ಉಗುಳುವುದು ಕಷ್ಟ, ಒಳಕ್ಕೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿ, ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದ ಲಂಗದ ಹಾಗೆ ಕರುಳು ನೆರಿಗೆಗಟ್ಟುತ್ತದೆ. ಆಗ ಹೊರಗಿನಿಂದ ಎಳೆದರೆ ನೂಲು ಕರುಳನ್ನೇ ಕೊಯ್ಯಬಹುದು. ಮಲದ್ವಾರದಲ್ಲಿ ದಾರ ಕಂಡರೂ ಇದೇ ಮಾತು: ಎಳೆಯಬಾರದು. ಪುಟ್ಟಿಯನ್ನು ಬೆಂಗಳೂರಿಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಹೊಟ್ಟೆಯ ಮೇಲೆ ಹೊಲಿಗೆ ಹಾಕಿಸಿಕೊಂಡು ಬುಟ್ಟಿಯಲ್ಲಿ ಮಲಗಿದ್ದ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಬಂದ ದಾರಿ ನನಗೆ ಇಂದಿಗೂ ಮರೆತಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಬೆಕ್ಕಿನ ಆಟಿಕೆಗೆ ನೇತಾಡುವ ದಾರವಿಲ್ಲ. ರಬ್ಬರ್ ಬ್ಯಾಂಡ್, ಗೆಜ್ಜೆ, ಗುಂಡಿ, ಮಿನುಗುವ ಜರಿ, ಉಣ್ಣೆಯ ಉಂಡೆ ಯಾವುದೂ ಇಲ್ಲ. ಬೆಕ್ಕು ಉಣ್ಣೆಯ ಉಂಡೆಯೊಂದಿಗೆ ಆಡುವ ಚಿತ್ರ ಎಲ್ಲ ಕ್ಯಾಲೆಂಡರ್‌ಗಳಲ್ಲೂ ಇರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ಮಾಡುವ ಆಟಿಕೆ ಇಲಿಗೆ ಜೋಡಿ ಗೂಡು ಬೇಕು. ಎರಡು ಹುಳುಗಳು ಸೇರಿ ಒಂದೇ ಗೂಡು ಕಟ್ಟಿದರೆ ಅದು ಜೋಡಿ ಗೂಡು. ಒಳಗೆ ಎರಡು ಎಳೆಗಳು ಹೆಣೆದುಕೊಂಡಿರುವುದರಿಂದ ನೂಲು ಸಲೀಸಾಗಿ ಬಿಚ್ಚುವುದಿಲ್ಲ. ಹಾಗಾಗಿ ಒಳ್ಳೆಯ ಗೂಡಿನಿಂದ ಅದನ್ನು ಆರಿಸಿ ಬೇರೆ ಇಡುತ್ತಾರೆ. ದಪ್ಪ, ಗಟ್ಟಿ, ಗಾತ್ರದಲ್ಲಿಯೂ ದೊಡ್ಡದು. ನಮಗೆ ಬೇಕಾದದ್ದೂ ಅದೇ. ಕೆಲವು ದಿನ ಬಿರುಬಿಸಿಲಿನಲ್ಲಿ ಒಣಗಿಸಿ, ಮೇಲಿನ ಅರಳೆಯಂಥ ಎಳೆಗಳನ್ನು ಪೂರ್ತಿ ಸುಲಿದುಹಾಕುತ್ತೇನೆ. ಒಂದು ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಒಳಗಿನ ಕೋಶಗಳನ್ನು ಕೋಳಿಗಳಿಗೆ ಹಾಕುತ್ತೇನೆ. ಕೋಶ ಒಳಗೇ ಉಳಿದರೆ ವಾಸನೆ ಬರುತ್ತದೆ, ಇರುವೆ ಮುತ್ತುತ್ತದೆ. ಖಾಲಿ ಗೂಡಿಗೆ ನಾಲ್ಕು ಕಡಲೆಕಾಳು ಹಾಕಿ, ಇನ್ನೊಂದು ಕತ್ತರಿಸಿದ ಗೂಡಿನ ಬಾಯಿಯೊಳಗೆ ಬಿಗಿಯಾಗಿ ತೂರಿಸಿದರೆ ಪುಟ್ಟ ಗಿಲಕಿ ಸಿದ್ಧ.

ಇಷ್ಟಕ್ಕೇ ಬೆಕ್ಕಿಗೆ ಕೊಡುವ ಹಾಗಿಲ್ಲ. ಗೂಡೆಂದರೆ ಸುತ್ತಿಟ್ಟ ನೂಲೇ ತಾನೆ? ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆಯಿದೆ. ಜಗಿದು ಜಗಿದು ಒದ್ದೆಯಾದರೆ ಮೇಲ್ಪದರ ಜುಂಗಾಗುತ್ತದೆ. ಅದಕ್ಕೆ ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆಯ ಕವಚ ಹೊಲಿಯುತ್ತೇನೆ. ಐದು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲದ ತುಂಡನ್ನು ಮಡಿಸಿ, ಒಳಮಗ್ಗುಲು ಹೊರಗಿಟ್ಟು ಎರಡು ಅಂಚನ್ನು ಮಷೀನಿನಲ್ಲಿ ಎರಡೆರಡು ಸಲ ಹೊಲಿದು, ತಿರುವಿ, ಗಿಲಕಿಯನ್ನು ಒಳಗಿಟ್ಟು, ಬಾಯಿಯನ್ನು ಒಳಕ್ಕೆ ಮಡಚಿ ಮತ್ತೆ ಎರಡು ಸಲ ಹೊಲಿಗೆ. ದಾರದ ತುದಿಗಳನ್ನು ಬಟ್ಟೆಗೆ ಸಮನಾಗಿ ಕತ್ತರಿಸಬೇಕು. ಕಿವಿ, ಬಾಲ, ಕಣ್ಣು ಬೇಡ. ಇಲಿಯಂತೆ ಕಾಣಬೇಕೆಂಬ ಆಸೆ ನಮ್ಮದು, ಬೆಕ್ಕಿನದಲ್ಲ. ಒಮ್ಮೆ ಅಂದಕ್ಕೆಂದು ಹತ್ತಿ ತುರುಕಿದ್ದೆ. ಭಾರವಾಗಿ, ತಳ್ಳಿದರೆ ಸರಿಯದಂತಾಯಿತು. ಪುಟ್ಟಿ ಮೂಸಿ ಹೊರಟುಹೋದಳು.

ಅತ್ತೆಯವರಿಗೆ ಮೊದಮೊದಲು ಇದು ಹಿಡಿಸಲಿಲ್ಲ. "ಊರಿನ ತುಂಬ ಇಲಿಯಿರುವಾಗ ಬಟ್ಟೆಯ ಇಲಿ ಏಕಮ್ಮ? ಈ ದಪ್ಪ ಬಟ್ಟೆಯೊಳಗೆ ಕಾಳಿನ ಸದ್ದೂ ಕೇಳುವುದಿಲ್ಲ" ಎಂದರು. ನಮಗೆ ಕೇಳುವುದಿಲ್ಲ, ನಿಜ. ದನಿ ಎಷ್ಟು ಕೀಚಲು ಎಂದು ಅಳೆಯುವ ಲೆಕ್ಕದಲ್ಲಿ ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ಸೋಲುತ್ತದೆ. ಬೆಕ್ಕಿನ ಕಿವಿ 60ರ ಆಚೆಗೂ ಕೇಳುತ್ತದೆ. ನಮಗೆ ನಿಲುಕದ ಇಲಿಮರಿಗಳ ಕೀಚಲು ದನಿಯನ್ನೇ ಹಿಡಿಯುವ ಕಿವಿಗೆ ಕಡಲೆಕಾಳು ದೊಡ್ಡದೇ? ಕೋಣೆಯ ಆ ತುದಿಯಲ್ಲಿ ನಾನು ಬೆರಳಿನಿಂದ ಅಲುಗಿಸಿದೆ, ನಿದ್ದೆಯಲ್ಲಿದ್ದ ಗೌರಿಯ ಕಿವಿ ನನ್ನ ಕಡೆ ತಿರುಗಿತು.

ಆದರೆ ಕುಪ್ಪಿ ಗಿಡದ ಗುಟ್ಟು ಹೇಳಿಕೊಟ್ಟವರು ಅತ್ತೆಯೇ. ಹಿತ್ತಲಿನಲ್ಲಿ, ಬೇಲಿಯ ಬದಿಯಲ್ಲಿ ತಾನಾಗಿ ಬೆಳೆಯುವ ಕಳೆ ಅದು. ಗಿಡ ನಿಂತಿರುವಾಗ ಬೆಕ್ಕು ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ತಿರುಗಿಯೂ ನೋಡುವುದಿಲ್ಲ. ಬೇರುಸಹಿತ ಕಿತ್ತರೆ ಸಾಕು, ಓಡಿ ಬಂದು ಬೇರಿಗೆ ಕೆನ್ನೆ ಉಜ್ಜಿ, ನೆಕ್ಕಿ, ಮಣ್ಣಿನಲ್ಲಿ ಹೊರಳಾಡುತ್ತದೆ. ವಿದೇಶದ ಬೆಕ್ಕಿನ ಅಂಗಡಿಗಳಲ್ಲಿ ಕ್ಯಾಟ್‌ನಿಪ್ ಎಂದು ಮಾರುವ ಸೊಪ್ಪು ಮಾಡುವ ಕೆಲಸವನ್ನೇ ನಮ್ಮ ಹಿತ್ತಲಿನ ಬೇರು ಮಾಡುತ್ತದೆ. ತಾಜಾ ಬೇರನ್ನು ತೊಳೆದು ಆಟಿಕೆಯ ಬಟ್ಟೆಗೆ ಚೆನ್ನಾಗಿ ಉಜ್ಜುತ್ತೇನೆ, ಬೇರನ್ನು ಒಳಗೆ ಹಾಕುವುದಿಲ್ಲ. ಗೌರಿ, ಪುಟ್ಟಿ ಇಬ್ಬರಿಗೂ ಇದು ಹಬ್ಬ. ಕರಿಯನಿಗೆ ಏನೂ ಆಗುವುದಿಲ್ಲ, ಅವನ ಜಾಯಮಾನವೇ ಹಾಗೆ. ಔಷಧಿ ಹೊಡೆದ ತೋಟದ ಗಿಡವನ್ನು ಮಾತ್ರ ಕೀಳಬೇಡಿ.

ಮುದ್ದಾದ ಆಟಿಕೆ ಮಾಡಿ ಎಸೆದುಬಿಟ್ಟರೆ ಎರಡು ದಿನಕ್ಕೆ ಅದು ಕಸ. ಬೆಕ್ಕಿಗೆ ಬೇಸರ ಬೇಗ. ಆರು ಇಲಿಗಳನ್ನು ಹೊಲಿದಿದ್ದೇನೆ, ಹೊರಗಿರುವುದು ಎರಡೇ. ಉಳಿದವು ಡಬ್ಬಿಯಲ್ಲಿರುತ್ತವೆ, ಮೂರು ದಿನಕ್ಕೊಮ್ಮೆ ಬದಲಾಯಿಸುತ್ತೇನೆ. ಮೂಲೆಯಲ್ಲಿ ಧೂಳು ಹಿಡಿದಿದ್ದ ಇಲಿಯೇ ವಾರ ಬಿಟ್ಟು ಬಂದರೆ ಹೊಸದು. ಹಿಪ್ಪುನೇರಳೆ ಕಡ್ಡಿಯನ್ನೂ ಬಿಟ್ಟಿಲ್ಲ. ನೂಲಿನ ಬದಲು ಹಳೆಯ ಸೀರೆಯ ಮೂರು ಪಟ್ಟಿಗಳನ್ನು ಜಡೆಯಂತೆ ಹೆಣೆದು ಕಟ್ಟಿದ್ದೇನೆ. ನನ್ನ ಕೈಯಲ್ಲಿರುವಾಗ ಮಾತ್ರ ಅದು ಹೊರಗೆ, ಆಟ ಮುಗಿದ ಕೂಡಲೇ ಬೀರುವಿನೊಳಗೆ. ಅದನ್ನು ಬೆಕ್ಕಿನ ಮುಖಕ್ಕೆ ಹಿಡಿದು ಆಡಿಸಬಾರದು. ಯಾವ ಇಲಿ ತಾನಾಗಿ ಬೆಕ್ಕಿನ ಬಾಯಿಗೆ ಬರುತ್ತದೆ? ಗೋಡೆಯ ಅಂಚಿನಲ್ಲಿ ಸರಿಸಬೇಕು, ನಿಲ್ಲಿಸಬೇಕು, ಚೀಲದ ಹಿಂದೆ ಮರೆಮಾಡಬೇಕು, ತುದಿಯನ್ನಷ್ಟೇ ಕೊಂಚ ನಡುಗಿಸಬೇಕು. ಬೆಕ್ಕು ಮೈ ಕುಗ್ಗಿಸಿ ಹಿಂಭಾಗ ಅಲ್ಲಾಡಿಸಿದರೆ ಹಾರಲು ಸಿದ್ಧವಾಗಿದೆ ಎಂದು ಅರ್ಥ. ಕೊನೆಗೆ ಹಿಡಿಯಲು ಬಿಡಲೇಬೇಕು. ಲೇಸರ್ ಬೆಳಕಿನಿಂದ ಆಡಿಸುವುದು ನನಗೆ ಒಪ್ಪಿಗೆಯಿಲ್ಲ, ಎಷ್ಟು ಓಡಿದರೂ ಪಂಜಕ್ಕೆ ಏನೂ ಸಿಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಹತ್ತು ನಿಮಿಷ ಹೀಗೆ ಆಡಿಸಿ ಊಟ ಹಾಕಿದರೆ ಪುಟ್ಟಿ ಮೈ ನೆಕ್ಕಿಕೊಂಡು ಮಲಗುತ್ತಾಳೆ. ಚಂದ್ರಿಕೆಯ ಕಡೆ ಹೋಗುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಾಳೆ.

ರಟ್ಟಿನ ಮೊಟ್ಟೆ ಟ್ರೇಯ ಕುಳಿಗಳಲ್ಲಿ ಒಣಮೀನಿನ ಚೂರು ಹಾಕಿಟ್ಟರೆ ಕರಿಯನಿಗೆ ಅರ್ಧ ಗಂಟೆಯ ಕೆಲಸ. ಉಪ್ಪು ಹಾಕದ ಮೀನೇ ಆಗಬೇಕು.

ಭಾನುವಾರ ಮಗಳು ಆರೂ ಇಲಿಗಳನ್ನು ಎಣಿಸಿ, ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡುತ್ತಾಳೆ. ಸಡಿಲವಾಗಿದ್ದದ್ದು ನೇರವಾಗಿ ಒಲೆಗೆ. ಮೊನ್ನೆ ಗೂಡು ಬಿಡಿಸಿದ ದಿನ ಹೊಸದು ಹೊಲಿಯಲು ಜೋಡಿ ಗೂಡು ಹುಡುಕಲು ಹೋದೆ. ಅತ್ತೆ ಆಗಲೇ ಹತ್ತನ್ನೋ ಹನ್ನೆರಡನ್ನೋ ಆರಿಸಿ ಮೊರದಲ್ಲಿ ಬೇರೆ ಇಟ್ಟಿದ್ದರು. "ಇವು ಪುಟ್ಟಿಯವು, ಮಾರುಕಟ್ಟೆಯ ಚೀಲಕ್ಕೆ ಸೇರಿಸಿಬಿಟ್ಟೀಯೆ" ಎಂದರು.