ನಿಯಮವೇ ಇಲ್ಲದ ಕಾರ್ ರೇಸ್: ಪೆನ್ಸಿಲ್ ಹಿಡಿದು ಊಹಿಸೋದು ಹೇಗೆ

ಕಾರ್ ರೇಸಿನಲ್ಲಿ ಇಂಜಿನ್ ಇಷ್ಟೇ ಇರಬೇಕು, ರೆಕ್ಕೆ ಇಷ್ಟೇ ಅಗಲ ಇರಬೇಕು, ತೂಕ ಇದಕ್ಕಿಂತ ಕಡಿಮೆ ಇರಬಾರದು ಅಂತ ನೂರೆಂಟು ಕಟ್ಟಳೆಗಳಿವೆ. ಅವನ್ನೆಲ್ಲ ತೆಗೆದುಹಾಕಿದರೆ ಎಂಥ ಗಾಡಿ ಬರುತ್ತದೆ? ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ರಜೆಗೆ ಮುಧೋಳದಿಂದ ಬಂದ ಅಕ್ಕನ ಮಗ ಇದನ್ನೇ ಕೇಳಿದ. "ಮಾಮಾ, ರೂಲ್ಸ್ ಇಲ್ಲಂದ್ರ ಭಾಳ ದೊಡ್ಡ ಇಂಜಿನ್ ಹಾಕಿದ್ರ ಮುಗೀತಲ್ಲ?"

ಮುಗಿಯೋದಿಲ್ಲ. ಬಹಳ ಜನ ಇಂಜಿನ್‌ನಿಂದಲೇ ಶುರು ಮಾಡುತ್ತಾರೆ, ಅಲ್ಲೇ ದಾರಿ ತಪ್ಪುತ್ತದೆ. 1973ರಲ್ಲೇ ಅಮೆರಿಕ, ಕೆನಡಾಗಳ ಕ್ಯಾನ್-ಆಮ್ ರೇಸಿನಲ್ಲಿ ಪೋರ್ಶೆ 917/30 ಕಾರಿಗೆ 1,100 ಕುದುರೆ ಶಕ್ತಿ ಇತ್ತು. ಅಂದರೆ ಶಕ್ತಿಗೆ 50 ವರ್ಷದ ಹಿಂದೆಯೇ ಬರ ಇರಲಿಲ್ಲ. ಅದೂ ಅಲ್ಲದೆ ನೇರ ರಸ್ತೆಯಲ್ಲಿ ಗಾಳಿ ಅಡ್ಡ ಬರುತ್ತದೆ: ವೇಗ ಎರಡು ಪಟ್ಟು ಬೇಕಂದರೆ ಗಾಳಿಯನ್ನು ಸೀಳೋಕೆ ಎಂಟು ಪಟ್ಟು ಶಕ್ತಿ ಬೇಕು. ಹಾಗಾಗಿ ತಿರುವಿನಿಂದ ಶುರು ಮಾಡಿ. ರೇಸ್ ಗೆಲ್ಲೋದು, ಸೋಲೋದು ಜಾಸ್ತಿ ಅಲ್ಲೇ.

ಮೊದಲು ಒಂದು ತಿರುವು ಆರಿಸಿಕೊಳ್ಳಿ. ಮೊಬೈಲ್ ಮ್ಯಾಪಿನಲ್ಲಿ ಚೋರ್ಲಾ ಘಾಟಿನ ದಾರಿ ತೆಗೆಯಿರಿ, ಇಲ್ಲವೇ ನಿಮ್ಮೂರಿನ ಯಾವುದಾದರೂ ರಸ್ತೆ. ಮ್ಯಾಪಿನಲ್ಲಿ ಮಾತ್ರ, ರಸ್ತೆಗೆ ಟೇಪ್ ಹಿಡಿದು ಇಳಿಯಬೇಡಿ, ಬೈಕ್ ತಗೊಂಡು ಹೋಗಿ ಪರೀಕ್ಷೆಯನ್ನಂತೂ ಮಾಡಲೇಬೇಡಿ. ತಿರುವಿನ ಎರಡು ಕಡೆ ಚುಕ್ಕೆ ಇಟ್ಟು ನೇರ ಗೆರೆ ಎಳೆಯಿರಿ. ಆ ಗೆರೆಯ ನಡುವಿನಿಂದ ರಸ್ತೆ ಎಷ್ಟು ದೂರ ಬಾಗಿದೆ ನೋಡಿ. ಗೆರೆಯ ಉದ್ದವನ್ನು ಅದರಿಂದಲೇ ಗುಣಿಸಿ, ಬಾಗಿನ ಎಂಟು ಪಟ್ಟಿನಿಂದ ಭಾಗಿಸಿ. ಗೆರೆ 40 ಮೀಟರ್, ಬಾಗು 2 ಮೀಟರ್ ಅಂದರೆ 1,600 ಭಾಗಿಸು 16, ಉತ್ತರ 100. ಹೆಚ್ಚುಕಡಿಮೆ ಇದೇ ತಿರುವಿನ ತ್ರಿಜ್ಯ, ಮೀಟರಿನಲ್ಲಿ. ನಮ್ಮ ವರ್ಕ್‌ಶಾಪಿನಲ್ಲಿ ಒಡೆದ ಪುಲ್ಲಿಯ ಚೂರು ಬಂದಾಗ ಪೂರ್ತಿ ಪುಲ್ಲಿ ಎಷ್ಟು ದೊಡ್ಡದಿತ್ತು ಅಂತ ಹುಡುಕೋದೂ ಹೀಗೇ.

ಈಗ ಒಂದು ಸ್ಟೀಲ್ ತಟ್ಟೆ, ಒಂದು ಪೆನ್ಸಿಲ್ ರಬ್ಬರ್ ತಗೊಳ್ಳಿ. ರಬ್ಬರನ್ನು ತಟ್ಟೆ ಮೇಲಿಟ್ಟು ಪಕ್ಕದಿಂದ ಬೆರಳಲ್ಲಿ ತಳ್ಳಿದರೆ ಸುಮ್ನೆ ಜಾರುತ್ತದೆ. ಇನ್ನೊಂದು ಬೆರಳಿನಿಂದ ಮೇಲೆ ಒತ್ತಿ ಹಿಡಿದು ತಳ್ಳಿ ನೋಡಿ. ಜಗ್ಗೋದಿಲ್ಲ. ರಬ್ಬರಿನ ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ, ಹಿಡಿತ ಮಾತ್ರ ಹೆಚ್ಚಿತು. ಕಾರನ್ನೇ ಭಾರ ಮಾಡಿದರೆ ಉಪಯೋಗ ಇಲ್ಲ, ಯಾಕಂದರೆ ಭಾರದ ಗಾಡಿಯನ್ನು ತಿರುಗಿಸೋಕೂ ಅಷ್ಟೇ ಜಾಸ್ತಿ ಬಲ ಬೇಕಾಗುತ್ತದೆ. ಹಗುರವಾಗಿಯೇ ಇರಬೇಕು, ಆದರೆ ಯಾರೋ ಮೇಲಿಂದ ಒತ್ತುತ್ತಿರಬೇಕು. ನಿಯಮ ಇಲ್ಲದ ರೇಸಿನ ಇಡೀ ಗುಟ್ಟು ಇಲ್ಲಿದೆ, ಇಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಒತ್ತೋದು ಯಾರು? ಗಾಳಿ. ನಮ್ಮ ಮೇಲಿರುವ ಗಾಳಿ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 10,000 ಕೆಜಿ ಭಾರ ಹಾಕುತ್ತದೆ. ಕೆಳಗಿನಿಂದಲೂ ಅಷ್ಟೇ ಒತ್ತುವುದರಿಂದ ಗೊತ್ತಾಗುವುದಿಲ್ಲ. ಕಾರಿನ ತಳ 4 ಚದರ ಮೀಟರ್ ಅಂತ ಹಿಡಿಯಿರಿ. ಸುತ್ತಲೂ ಅಂಚು ಕಟ್ಟಿ, ಫ್ಯಾನ್ ಹಾಕಿ ತಳದ ಗಾಳಿಯನ್ನು ಹೊರಗೆ ಎಳೆದು, ಅದರ ಒತ್ತಡವನ್ನು ಬರೀ 5 ಪರ್ಸೆಂಟ್ ಇಳಿಸಿದರೆ ಸಾಕು, ಮೇಲಿಂದ 2,000 ಕೆಜಿ ಒತ್ತು ಬೀಳುತ್ತದೆ. ಅದೂ ಕಾರು ನಿಂತಲ್ಲೇ ನಿಂತಿದ್ದರೂ!

ಇದು ಬರೀ ಕಾಗದದ ಲೆಕ್ಕ ಅಲ್ಲ. 1970ರಲ್ಲಿ ಅಮೆರಿಕದ ರೇಸ್ ಕಾರ್ ತಯಾರಕ ಜಿಮ್ ಹಾಲ್ ಅವರ ಚಾಪರಲ್ 2ಜೆ ಕಾರಿನ ಹಿಂದೆ ಎರಡು ಫ್ಯಾನ್ ಇದ್ದವು, ಅವನ್ನು ತಿರುಗಿಸೋಕೆ ಬೇರೆಯದೇ ಒಂದು ಚಿಕ್ಕ ಇಂಜಿನ್. ಒಂದೇ ಸೀಸನ್ ಓಡಿತು, ಆಮೇಲೆ ನಿಷೇಧ ಆಯಿತು. 1978ರಲ್ಲಿ ಬ್ರಾಭಮ್ ತಂಡದ ಫ್ಯಾನ್ ಕಾರಿನಲ್ಲಿ ನಿಕಿ ಲೌಡಾ ಸ್ವೀಡನ್ ಗ್ರ್ಯಾಂಡ್ ಪ್ರಿ ಗೆದ್ದರು, ಆ ಕಾರು ಮತ್ತೆ ರೇಸಿಗೆ ಇಳಿಯಲೇ ಇಲ್ಲ. 2022ರಲ್ಲಿ ಇಂಗ್ಲೆಂಡಿನ ಗುಡ್‌ವುಡ್ ಏರುದಾರಿಯನ್ನು ಮ್ಯಾಕ್‌ಮರ್ಟ್ರಿ ಅನ್ನೋ ಪುಟ್ಟ ಕರೆಂಟ್ ಕಾರು 39.08 ಸೆಕೆಂಡಿನಲ್ಲಿ ಹತ್ತಿ ದಾಖಲೆ ಮಾಡಿತು. ಅದರ ಫ್ಯಾನ್ ಹಾಕುವ ಒತ್ತು ಕೂಡ 2,000 ಕೆಜಿಯೇ. ನನ್ನನ್ನು ಕೇಳಿದರೆ ನಿಯಮ ತೆಗೆದ ಮರುದಿನವೇ ಎಲ್ಲ ತಂಡಗಳೂ ಫ್ಯಾನ್ ಹಾಕುತ್ತವೆ. 1976ರ ಟಿರೆಲ್ ತಂಡದ ಕಾರಿನ ಹಾಗೆ ಆರು ಚಕ್ರವನ್ನೂ ಯಾರಾದರೂ ಹಾಕಿಯಾರು, ಆದರೆ ಅದು ಎರಡನೇ ಮಾತು.

ಈಗ ನಿಮ್ಮ ತಿರುವಿಗೆ ಬನ್ನಿ. ಕಾರು 1,000 ಕೆಜಿ, ಟೈರಿನ ಹಿಡಿತ ಅದರ ಮೇಲಿನ ಒತ್ತಿನಷ್ಟೇ ಅಂತ ಇಟ್ಟುಕೊಳ್ಳಿ. ಫ್ಯಾನ್ ಇಲ್ಲದೆ 100 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 113 ಕಿಮೀ ವೇಗದಲ್ಲಿ ದಾಟಬಹುದು. 2,000 ಕೆಜಿ ಒತ್ತು ಸೇರಿಸಿದರೆ 195 ಕಿಮೀ. 5,000 ಸೇರಿಸಿದರೆ 276. ಇಷ್ಟು ಬರೆದ ಮೇಲೆ ಹುಡುಗ ಕುಣಿದಾಡಿಬಿಟ್ಟ. "ಇನ್ನೂ ಹಾಕು ಮಾಮಾ, ಹತ್ತು ಸಾವಿರ ಹಾಕು!"

ಅವನನ್ನು ಕೂರಿಸಿ ಚಾಲಕನ ಕುತ್ತಿಗೆಯ ಲೆಕ್ಕ ಮಾಡಿಸಿದೆ. ತಲೆ, ಹೆಲ್ಮೆಟ್ ಸೇರಿ 6 ಕೆಜಿ ಅಂತ ಹಿಡಿಯಿರಿ. 195ರಲ್ಲಿ ತಿರುಗುವಾಗ ಒಟ್ಟು ಒತ್ತು ಕಾರಿನ ತೂಕದ ಮೂರು ಪಟ್ಟು, ಹಾಗಾಗಿ ತಲೆಯೂ ಮೂರು ಪಟ್ಟು, ಅಂದರೆ 18 ಕೆಜಿಯ ಹಾಗೆ ಪಕ್ಕಕ್ಕೆ ಎಳೆಯುತ್ತದೆ, ತುಂಬಿದ ಕೊಡವನ್ನು ಕಿವಿಗೆ ಕಟ್ಟಿ ಜಗ್ಗಿದಂತೆ. 276ರಲ್ಲಿ 36 ಕೆಜಿ. ಒಂದು ಸಲ ಅಲ್ಲ, ಪ್ರತಿ ತಿರುವಿನಲ್ಲೂ, ಗಂಟೆಗಟ್ಟಲೆ. 2001ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಇದು ನಿಜವಾಗಿಯೇ ಆಯಿತು. ಕಡಿದಾದ ವಾಲಿನ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುವಾಗಲೇ ಬಹಳಷ್ಟು ಚಾಲಕರಿಗೆ ತಲೆ ಸುತ್ತಿ, ರೇಸ್ ಶುರುವಾಗುವ ಕೆಲವೇ ಗಂಟೆ ಮೊದಲು ರದ್ದು ಮಾಡಿದರು. ಕಾರು ತಡೆದುಕೊಳ್ಳುತ್ತಿತ್ತು, ಮನುಷ್ಯ ತಡೆಯಲಿಲ್ಲ.

ಇನ್ನೊಂದು ಭಯ ಇದೆ, ಇದನ್ನು ಬಿಡದೆ ಬರೆದುಕೊಳ್ಳಿ. ರಸ್ತೆಯ ಒಂದು ಉಬ್ಬು ಸಿಕ್ಕಿ ಕಾರಿನ ಅಂಚು ಮೇಲೆದ್ದರೆ ಗಾಳಿ ಒಳಗೆ ನುಗ್ಗುತ್ತದೆ, ಒತ್ತು ಒಂದೇ ಕ್ಷಣದಲ್ಲಿ ಮಾಯ. 195ರಲ್ಲಿ ತಿರುಗುತ್ತಿದ್ದ ಗಾಡಿಗೆ ಈಗ 113ರ ಹಿಡಿತ ಮಾತ್ರ ಉಳಿದಿದೆ. ಅದು ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರು ನಿಂತಿದ್ದಾರೆ ಅಂತ ಚಿತ್ರದಲ್ಲಿ ಗುರುತು ಹಾಕಿ. ನಮ್ಮ ಕಡೆ ಚಕ್ಕಡಿ ಓಟಕ್ಕೆ ಜನ ಎಷ್ಟು ಹತ್ತಿರ ನಿಲ್ಲುತ್ತಾರೆ ನೋಡಿದ್ದೀರಲ್ಲ? ಯುರೋಪಿನಲ್ಲಿ ಸಡಿಲ ನಿಯಮದ, ಭಾರೀ ಶಕ್ತಿಯ ಕಾರುಗಳು ಓಡುತ್ತಿದ್ದ ಗ್ರೂಪ್ ಬಿ ರ‍್ಯಾಲಿಗಳಲ್ಲೂ ಹಾಗೇ ನಿಲ್ಲುತ್ತಿದ್ದರು. 1986ರಲ್ಲಿ ಪೋರ್ಚುಗಲ್‌ನಲ್ಲಿ ಪ್ರೇಕ್ಷಕರು ಸತ್ತರು, ಆಮೇಲೆ ಕಾರ್ಸಿಕಾದಲ್ಲಿ ಚಾಲಕ ಹೆನ್ರಿ ಟೊಯಿವೊನೆನ್ ಮತ್ತು ಅವರ ಜೊತೆಗಾರ ಸರ್ಜಿಯೊ ಕ್ರೆಸ್ಟೊ ತೀರಿಕೊಂಡರು. ಆ ವರ್ಷಕ್ಕೇ ಗ್ರೂಪ್ ಬಿ ನಿಂತುಹೋಯಿತು.

ಚಾಲಕನನ್ನೇ ಇಳಿಸಿ ರಿಮೋಟಿನಲ್ಲಿ ಓಡಿಸಿದರೆ? ಓಡಿಸಬಹುದು. ಆಗ ಕುತ್ತಿಗೆಯ ಬದಲು ಟೈರು ಮೊದಲು ಸೋಲುತ್ತದೆ. ಆದರೆ ಒಳಗೆ ಯಾರೂ ಇಲ್ಲದ ಗಾಡಿಗೆ ನನ್ನ ಮನಸ್ಸು ಬಡಿದುಕೊಳ್ಳೋದಿಲ್ಲ, ಅದಕ್ಕೇ ನಮ್ಮ ಆಟದಲ್ಲಿ ಮನುಷ್ಯ ಇರಲೇಬೇಕು. ಜೊತೆಗೆ ನಾವು ಇಂಧನ ಇಷ್ಟೇ ಲೀಟರ್ ಅಂತ ಒಂದು ಮಿತಿ ಇಟ್ಟುಕೊಂಡೆವು. ನೀವೂ ಇಟ್ಟು ನೋಡಿ, ಗಾಡಿ ತಾನಾಗಿಯೇ ಸಣ್ಣದಾಗುತ್ತದೆ, ತಲೆಗೂ ಕೆಲಸ ಜಾಸ್ತಿ.

ಕೊನೆಗೆ ಎರಡನೇ ಕಾರನ್ನು ಬರೆಯಿರಿ, ಮೊದಲನೆಯದರ ಹಿಂದೆ. ಇದನ್ನು ಎಲ್ಲರೂ ಮರೆಯುತ್ತಾರೆ. ಫ್ಯಾನ್ ತಳದಿಂದ ಎಳೆದ ಧೂಳು, ಹರಳು ಎಲ್ಲ ಹಿಂದಿನವನ ಮುಖಕ್ಕೆ ಹೋಗುತ್ತದೆ, ಚಾಪರಲ್ ಕಾಲದಲ್ಲೂ ಇದೇ ದೂರು ಇತ್ತು. ನಮ್ಮ ಹುಡುಗ ರೇಸನ್ನು ವಿಜಯಪುರದ ಎರೆಹೊಲಗಳ ನಡುವಿನ ರಸ್ತೆಯಲ್ಲಿ ಇಟ್ಟಿದ್ದ, ಅದೂ ಬೇಸಿಗೆಯಲ್ಲಿ! ಹಿಂದಿನ ಕಾರಿಗೆ ದಾರಿಯೇ ಕಾಣಲಿಲ್ಲ. ಅದಕ್ಕೆ ಅವರಪ್ಪನ ಟ್ರ್ಯಾಕ್ಟರಿನಲ್ಲಿರುವಂಥ ಆಯಿಲ್ ಹಾಕುವ ಏರ್ ಕ್ಲೀನರನ್ನು ಫ್ಯಾನಿನ ಬಾಯಿಗೆ ಬರೆದ. ಆಮೇಲೆ ಅವನಿಗೇ ಹೊಳೆಯಿತು, ಕ್ಲೀನರ್ ಗಾಳಿಯನ್ನು ತಡೆಯುತ್ತದೆ, ಫ್ಯಾನ್ ಇನ್ನೂ ದೊಡ್ಡದು ಬೇಕು, ಫ್ಯಾನ್ ದೊಡ್ಡದಾದರೆ ಇಂಧನ ಸಾಲದು. ನಿನ್ನೆ ರಾತ್ರಿ ಊಟಕ್ಕೆ ಕರೆದರೂ ಏಳದೆ, ಅದೇ ರಬ್ಬರಿನಿಂದ ಅಳಿಸಿ ಮತ್ತೆ ಬರೆಯುತ್ತಾ ಕೂತಿದ್ದ.