ಯಕೃತ್ತಿನ ಕ್ಯಾನ್ಸರ್, ಮೈಕ್ರೋಆರ್‌ಎನ್‌ಎ: ಗದಗಿನಲ್ಲಿ ತೆಗೆದ ರಕ್ತವನ್ನು ಧಾರವಾಡದಲ್ಲಿ ಅಳೆಯುವ ಬಗೆ

ಮೈಕ್ರೋಆರ್‌ಎನ್‌ಎ ಎಂದರೆ ಕೋಶದಲ್ಲಿ ಪ್ರೋಟೀನು ತಯಾರಿಗೆ ಕಡಿವಾಣ ಹಾಕುವ ಪುಟ್ಟ ಆರ್‌ಎನ್‌ಎ ತುಣುಕು. ಯಕೃತ್ತಿನ ಕೋಶದೊಳಗಿನ ಮೈಕ್ರೋಆರ್‌ಎನ್‌ಎಗಳಲ್ಲಿ ಸುಮಾರು ಶೇ. 70ರಷ್ಟು ಮಿರ್-122 ಒಂದೇ. 22 ಅಕ್ಷರಗಳಷ್ಟಿರುವ ಈ ತುಣುಕು ಸೈಕ್ಲಿನ್ ಜಿ1, ಎಡಿಎಎಂ17 ಪ್ರೋಟೀನುಗಳ ಸಂದೇಶಕ್ಕೆ ಅಂಟಿಕೊಂಡು ಅವು ತಯಾರಾಗದಂತೆ ತಡೆಯುತ್ತದೆ. ಗಡ್ಡೆಯಲ್ಲಿ ಅದು ಇಳಿದರೆ ತಡೆ ಸಡಿಲಾಗಿ ಕೋಶಗಳು ಬೆಳೆಯುತ್ತವೆ, ಬೇರೆಡೆ ನುಗ್ಗುತ್ತವೆ. ಮಿರ್-21ರದು ಇದಕ್ಕೆ ವಿರುದ್ಧ: ಅದು ಏರಿದಷ್ಟೂ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟಿಇಎನ್ ಪ್ರೋಟೀನು ಕುಗ್ಗುತ್ತದೆ.

ರಕ್ತದಲ್ಲಿ ಇವನ್ನು ಅಳೆಯುವ ಪ್ರಾಜೆಕ್ಟ್ ಬಹುಪಾಲು ಕೆಡುವುದು ಆರ್‌ಎನ್‌ಎಯ ಪ್ರತಿಗಳನ್ನು ಹಲವು ಪಟ್ಟು ಹೆಚ್ಚಿಸಿ ಅಳೆಯುವ ಪಿಸಿಆರ್ ಯಂತ್ರದಲ್ಲಲ್ಲ, ರಕ್ತ ತೆಗೆದ ಮೊದಲ ಎರಡು ತಾಸಿನಲ್ಲಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬಳಸಿ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡವೇ ಬೇಡ, ಹೆಪಾರಿನ್ ಪಿಸಿಆರ್ ಅನ್ನೇ ತಡೆಯುತ್ತದೆ. ಸೂಜಿ 21 ಗೇಜಿನದಿರಲಿ. ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ತಿರುವಿ, ಕುಲುಕಬೇಡಿ. ಗದಗಿನಿಂದ ಬಸ್ಸಿನಲ್ಲಿ ಇಡೀ ರಕ್ತವನ್ನೇ ಧಾರವಾಡಕ್ಕೆ ಒಯ್ದರೆ ದಾರಿಯ ಕುಲುಕಾಟಕ್ಕೆ, ಏಪ್ರಿಲ್ ಬಿಸಿಲಿಗೆ ಕೆಂಪು ಕಣಗಳು ಒಡೆಯುತ್ತವೆ. ಮಂಜುಗಡ್ಡೆಗೆ ನೇರವಾಗಿ ತಾಗಿಸಿಟ್ಟರೂ ಅದೇ ಗತಿ. ಆದ್ದರಿಂದ ರಕ್ತ ತೆಗೆದ ಊರಿನಲ್ಲೇ ಪ್ಲಾಸ್ಮಾ ಬೇರ್ಪಡಿಸಿ, ಡ್ರೈ ಐಸ್‌ನಲ್ಲಿಟ್ಟು ಒಯ್ಯಿರಿ.

ಮೊದಲು 1500 ಜಿ ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಇದು ಜಿ (ಗುರುತ್ವಬಲದ ಎಷ್ಟು ಪಟ್ಟು ಎಂಬ ಲೆಕ್ಕ), ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ; ಎರಡನ್ನೂ ಒಂದೇ ಅಂದುಕೊಂಡರೆ ಕಣಗಳು ಸರಿಯಾಗಿ ಕೂರುವುದಿಲ್ಲ. ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಬಿಟ್ಟು ಉಳಿದದ್ದನ್ನು ಮಾತ್ರ ತೆಗೆಯಿರಿ. ಹೀಗೆ ಬಿಡಲು ಕೈ ಬರುವುದಿಲ್ಲ, ಆದರೂ ಬಿಡಿ. ಪ್ಲೇಟ್‌ಲೆಟ್ ಇಳಿಸಲು 2500 ಜಿಯಲ್ಲಿ ಇನ್ನೊಂದು ಸಲ 15 ನಿಮಿಷ ತಿರುಗಿಸಿ. 250 ಮೈಕ್ರೋಲೀಟರಿನಂತೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಆರ್‌ಎನ್‌ಎ ತೆಗೆಯಲು 200 ಮೈಕ್ರೋಲೀಟರ್ ಸಾಕು. ಹೋಲಿಕೆಗೆ ಬೇಕಾದ ಹುಳದ (ಮನುಷ್ಯರಲ್ಲಿಲ್ಲದ) ಮಿರ್-39 ಅನ್ನು, ಕೋಶ, ಪ್ರೋಟೀನುಗಳನ್ನು ಒಡೆಯುವ ಲೈಸಿಸ್ ದ್ರಾವಣ ಬೆರೆಸಿ ಐದು ನಿಮಿಷ ಬಿಟ್ಟ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಪ್ಲಾಸ್ಮಾದಲ್ಲಿರುವ, ಆರ್‌ಎನ್‌ಎ ಒಡೆಯುವ ಆರ್‌ಎನ್‌ಏಸ್ ಕಿಣ್ವ ಅದನ್ನು ಕ್ಷಣದಲ್ಲಿ ತಿಂದುಹಾಕುತ್ತದೆ. ಕೈಗೆ ಬರುವ ಆರ್‌ಎನ್‌ಎ ಎಷ್ಟು ಕಡಿಮೆಯೆಂದರೆ ಆರ್‌ಎನ್‌ಎ ಪ್ರಮಾಣ ಅಳೆಯುವ ನ್ಯಾನೋಡ್ರಾಪ್ ಯಂತ್ರದ ಅಂಕಿಯನ್ನು ನಂಬುವಂತಿಲ್ಲ. ಪ್ರತಿ ಮಾದರಿಯಿಂದಲೂ ಒಂದೇ ಅಳತೆಯಷ್ಟು ಆರ್‌ಎನ್‌ಎ ದ್ರಾವಣ ತೆಗೆದುಕೊಂಡು ಮುಂದುವರಿಯಿರಿ, ಪಿಸಿಆರ್‌ನಲ್ಲಿ ಪ್ರತಿ ಮಾದರಿಗೂ ತಟ್ಟೆಯ ಮೂರು ಗುಳಿ (ವೆಲ್) ಇಡಿ.

ಫಲಿತಾಂಶ ಓದುವ ಮುನ್ನ ರಕ್ತ ಒಡೆದಿತ್ತೇ ಎಂದು ನೋಡಿ. ಕೆಂಪು ಕಣಗಳಲ್ಲಿ ಮಿರ್-451ಎ ತುಂಬಿರುತ್ತದೆ, ಮಿರ್-23ಎ ಮಟ್ಟ ಅಷ್ಟಾಗಿ ಕದಲುವುದಿಲ್ಲ. ಮಿರ್-23ಎಯ ಸಿಕ್ಯೂನಿಂದ (ಪಿಸಿಆರ್‌ನಲ್ಲಿ ಸಂಕೇತ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ; ಕಡಿಮೆಯಿದ್ದಷ್ಟೂ ಪ್ರಮಾಣ ಹೆಚ್ಚು) ಮಿರ್-451ಎಯ ಸಿಕ್ಯೂ ಕಳೆಯಿರಿ: 5ರೊಳಗಿದ್ದರೆ ಚಿಂತೆಯಿಲ್ಲ, 7 ದಾಟಿದರೆ ಮಾದರಿ ಬಿಡಿ. ಪ್ಲಾಸ್ಮಾ ಕಣ್ಣಿಗೆ ತಿಳಿಹಳದಿ ಕಂಡರೂ ಈ ಲೆಕ್ಕ ತಪ್ಪಿಸಬೇಡಿ.

ಗಡ್ಡೆಯಲ್ಲಿ ಇಳಿದ ಮಿರ್-122 ರಕ್ತದಲ್ಲಿ ಏರಿರಬಹುದು. ಯಕೃತ್ತಿನ ಕೋಶ ಒಡೆದಾಗ ಅದು ಹೊರಗೆ ಸೋರುವುದರಿಂದ ಹೆಪಟೈಟಿಸ್‌ನಲ್ಲೂ, ಪ್ಯಾರಾಸಿಟಮಾಲ್ ಅತಿಯಾದಾಗಲೂ ಏರುತ್ತದೆ. ಹೀಗಾಗಿ ಈ ಒಂದು ಅಂಕಿ ನೋಡಿ ರಕ್ತ ಕೊಟ್ಟವರಿಗೆ ಕ್ಯಾನ್ಸರ್ ಇದೆಯೆಂದಾಗಲಿ, ಇಲ್ಲವೆಂದಾಗಲಿ ಹೇಳಬೇಡಿ. ಸಿರೋಸಿಸ್ (ಯಕೃತ್ತು ಗಾಯದ ಗುರುತಿನಿಂದ ಗಟ್ಟಿಯಾಗುವ ಕಾಯಿಲೆ) ಇದ್ದವರು ಆರು ತಿಂಗಳಿಗೊಮ್ಮೆ ಮಾಡಿಸುವ ಅಲ್ಟ್ರಾಸೌಂಡ್, ಎಎಫ್‌ಪಿ (ಆಲ್ಫಾ-ಫೀಟೋಪ್ರೋಟೀನ್) ರಕ್ತ ಪರೀಕ್ಷೆ ತಪ್ಪದೆ ನಡೆಯಲಿ.